ಕಿವಿಯಿಂದ ಸಿನಿಮಾಗೆ ನಂಬರ್ ಕೊಟ್ಟರೆ ತಪ್ಪಾ? ನಿಮ್ಮ ಮೊದಲ ಐದು ಹೇಳಿ

ಬೆಟಗೇರಿ ಸೆಕೆಂಡ್ ಶೋ:

ಎಲ್ಲರಿಗೂ ನಮಸ್ಕಾರ. ಮೊನ್ನೆ ರವಿವಾರ ಸಂಜೆ ಗದಗಿನಲ್ಲಿ ನಾವು ಐದು ಮಂದಿ ಗೆಳೆಯರು ಮಿರ್ಚಿ, ಗಿರ್ಮಿಟ್ ತಿನ್ನುತ್ತಾ ಕೂತಿದ್ದೆವು. ಮಾತು ಸಿನಿಮಾಕ್ಕೆ ಬಂತು. ಪ್ರತಿಯೊಬ್ಬರೂ ತಮ್ಮ ಐದು ಕನ್ನಡ ಸಿನಿಮಾ ಹೇಳಬೇಕು, ಸುಮ್ನೆ ಹೆಸರು ಹೇಳಿದರೆ ಆಗಲ್ಲ, ಒಂದರಿಂದ ಐದರ ತನಕ ನಂಬರ್ ಹಚ್ಚಬೇಕು ಅಂತ ಆಯಿತು. ನನ್ನ ಪಟ್ಟಿ ಕೇಳಿ ಇಬ್ಬರು ಸಿಟ್ಟಿಗೆದ್ದರು. ಒಬ್ಬ ಇನ್ನೂ ಫೋನ್ ಎತ್ತುತ್ತಿಲ್ಲ.

ನನ್ನ ಪಟ್ಟಿ ಇದು. ಮೊದಲನೆಯದು ‘ನಾಗಮಂಡಲ’, 1997. ಎರಡು ‘ಸಂತ ಶಿಶುನಾಳ ಶರೀಫ’, 1990. ಮೂರು ಪಂಚಾಕ್ಷರ ಗವಾಯಿಗಳ ಮೇಲೆ 1995ರಲ್ಲಿ ಬಂದ ಸಿನಿಮಾ. ನಾಲ್ಕು ‘ಭೂತಯ್ಯನ ಮಗ ಅಯ್ಯು’. ಐದು ‘ಬಂಗಾರದ ಮನುಷ್ಯ’. ಅಣ್ಣಾವ್ರನ್ನು ಐದಕ್ಕೆ ಇಟ್ಟೆ ಅನ್ನೋದೇ ಗೆಳೆಯನ ಸಿಟ್ಟು.

ಈ ಕ್ರಮ ಯಾಕೆ ಅಂದರೆ ಸ್ವಲ್ಪ ಹಿಂದಿನದು ಹೇಳಬೇಕು. ನಮ್ಮಪ್ಪ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಟಾಕೀಸಿನ ಹಿಂದೆಯೇ ನಮ್ಮ ಮನೆ. ನಡುವೆ ಒಂದೇ ಗೋಡೆ, ಒಂದು ಸಣ್ಣ ಹಿತ್ತಲು. ದಿನಾ ರಾತ್ರಿ ಸೆಕೆಂಡ್ ಶೋ ಶುರುವಾಗೋ ಹೊತ್ತಿಗೆ ನಾನು ಹಾಸಿಗೆಯಲ್ಲಿ ಇರುತ್ತಿದ್ದೆ. ಸಿನಿಮಾ ಗೋಡೆಯ ಆ ಕಡೆಯಿಂದ ಕೇಳಿಸುತ್ತಿತ್ತು. ಚಿತ್ರ ಇಲ್ಲ, ಬರೀ ದನಿ. ಹೊಡೆದಾಟ ಬಂದರೆ ಅದು ಬರೀ ಗದ್ದಲ. ಆದರೆ ಮಾತು, ಅಳು, ಹಾಡು, ಮಳೆ, ಬಾಗಿಲು ತೆರೆಯೋ ಸಪ್ಪಳ, ಇವೆಲ್ಲ ಸ್ಪಷ್ಟ. ಎಷ್ಟೋ ಸಿನಿಮಾ ನನಗೆ ಪೂರ್ತಿ ಬಾಯಿಪಾಠ ಆದ ಮೇಲೆ ನೋಡಿದ್ದು. ಹಾಗಾಗಿ ನನಗೆ ಸಿನಿಮಾ ಅಂದರೆ ಮೊದಲು ಕಿವಿ.

‘ನಾಗಮಂಡಲ’ ಬಂದಾಗ ನನಗೆ 13 ವರ್ಷ. ಮೊದಲ ದಿನದ ಸೆಕೆಂಡ್ ಶೋ. ಅವ್ವ ಹಿತ್ತಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕೂತಿದ್ದೆ. ಗೋಡೆಯ ಆ ಕಡೆಯಿಂದ ಒಂದು ಹೆಣ್ಣಿನ ದನಿ ಬಂತು. ಅವ್ವನ ಕೈ ನಿಂತಿತು. ಬೂದಿ ಹತ್ತಿದ ಕೈಯಲ್ಲೇ ಪಾತ್ರೆ ಹಿಡಿದುಕೊಂಡು ಒಂದಿಷ್ಟು ಹೊತ್ತು ಕೇಳಿದಳು. ಆಮೇಲೆ ಹೇಳಿದಳು: “ಇಕಿ ನಮ್ಮಾಕಿ ಅದಾಳ ನೋಡು.”

ನಮ್ಮ ಮಾತು ಸಿನಿಮಾದಲ್ಲಿ ಅದಕ್ಕೂ ಮೊದಲು ಬಂದಿರಲಿಲ್ಲ ಅಂತಲ್ಲ. ಬರುತ್ತಿತ್ತು. ಆದರೆ ನಾನು ಕೇಳಿದ್ದು ಹೆಚ್ಚಾಗಿ ಮಂದಿಯನ್ನು ನಗಿಸೋಕೆ. ಆಳುಮಗ, ದಡ್ಡ, ಊರು ಬಿಟ್ಟು ಬೆಂಗಳೂರಿಗೆ ಬಂದು ದಾರಿ ತಪ್ಪಿದವ. ಅವನು ‘ಏನ್ ಮಾಡಾಕತ್ತಿ’ ಅಂದರೆ ಟಾಕೀಸಿಗೆ ಟಾಕೀಸೇ ನಗುತ್ತಿತ್ತು. ಕಥೆಯ ನಾಯಕಿ ನಮ್ಮ ಮಾತಿನಲ್ಲಿ ಪ್ರೀತಿ ಮಾಡೋದು, ಹೆದರೋದು, ಅಳೋದು ನಾನು ಕೇಳಿದ್ದು ಆವಾಗಲೇ. ಕಾರ್ನಾಡರ ನಾಟಕ, ನಾಗಾಭರಣರ ನಿರ್ದೇಶನ, ಅಶ್ವತ್ಥರ ಸಂಗೀತ, ಎಲ್ಲ ಸರಿ. ಆದರೆ ನನಗೆ ದೊಡ್ಡವರು ಅದರ ಹಾಡು ಬರೆದ ಗೋಪಾಲ ವಾಜಪೇಯಿ. ನಮ್ಮ ಲಕ್ಷ್ಮೇಶ್ವರದವರು. ಗೋಪಾಲ ಯಾಜ್ಞಿಕ್ ಅನ್ನೋ ಹೆಸರಿನಲ್ಲಿ ಬರೆದರು. ಆ ಹಾಡುಗಳಲ್ಲಿ ನಮ್ಮ ಓಣಿಯ ಹೆಂಗಸರು ಮಾತಾಡಿದಂತೆ ಇದೆ.

ಮೂರನೆಯದಕ್ಕೂ ಕಿವಿಯೇ ಕಾರಣ. ಗವಾಯಿಗಳು ಕಟ್ಟಿದ, ಕಣ್ಣು ಕಾಣದ ಮಕ್ಕಳಿಗೆ ಸಂಗೀತ ಕಲಿಸೋ ವೀರೇಶ್ವರ ಪುಣ್ಯಾಶ್ರಮ ಇರೋದು ನಮ್ಮ ಊರಿನಲ್ಲೇ. ಆ ಸಿನಿಮಾ ಬಂದಾಗ ಅಲ್ಲಿನ ಕೆಲವು ಹುಡುಗರು ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಇಟ್ಟು ಸಾಲಾಗಿ ಟಾಕೀಸಿಗೆ ಬಂದರು. ನಾನು ಅಪ್ಪನ ರೂಮಿನ ಕಿಂಡಿಯಿಂದ ನೋಡಿದೆ. ಹಾಡು ಬಂದಾಗ ಅವರ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಹಂಸಲೇಖ ಅವರಿಗೂ ರಾಷ್ಟ್ರ ಪ್ರಶಸ್ತಿ ತಂದ ಸಿನಿಮಾ ಅದು. ಆ ಬೆರಳುಗಳನ್ನು ನೋಡಿದ ಮೇಲೆ ನನಗೆ ಆ ಪ್ರಶಸ್ತಿ ಬೇರೆಯಾಗಿ ನೆನಪಾಗಲ್ಲ.

ಗೆಳೆಯ ಹೇಳೋದು, “ಸಿನಿಮಾ ನೋಡೋದು, ಕೇಳೋದಲ್ಲ. ನಿನ್ನ ಅಳತೆಯೇ ತಪ್ಪು.” ತಪ್ಪಾ? ನೀವು ಯಾವ ಅಳತೆ ಇಟ್ಟುಕೊಂಡು ನಂಬರ್ ಕೊಡುತ್ತೀರಿ? ಐದು ಹೆಸರು ಹೇಳಿ, ಜೊತೆಗೆ ಯಾಕೆ ಅಂತಲೂ ಹೇಳಿ.

ಸಾಧನಕೇರಿ ಮೇಷ್ಟ್ರು:

ನಿಮ್ಮ ಪಟ್ಟಿ ಓದಿ ಖುಷಿಯಾಯಿತು. ಆದರೆ ನಾನು ಒಪ್ಪುವುದಿಲ್ಲ. ಬರೀ ಕಿವಿಯಿಂದ ಅಳೆದರೆ ಮಾತು ಕಡಿಮೆ ಇರುವ ಸಿನಿಮಾಕ್ಕೆ ಅನ್ಯಾಯ ಆಗುತ್ತದೆ ಅಲ್ವಾ?

ನನ್ನ ಮೊದಲನೆಯದು ‘ಘಟಶ್ರಾದ್ಧ’. ಗಿರೀಶ ಕಾಸರವಳ್ಳಿ, 1977, ಕಪ್ಪು ಬಿಳುಪು, ದೇಶದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ಬಂದದ್ದು. ಧಾರವಾಡದಲ್ಲಿ ಕಾಲೇಜಿನ ಹಾಲ್‌ನಲ್ಲಿ ಸಣ್ಣ ಪ್ರೊಜೆಕ್ಟರ್ ಇಟ್ಟು ತೋರಿಸಿದ್ದರು. ಮಡಚುವ ಕುರ್ಚಿ, ಗೋಡೆಗೆ ಬಿಳಿ ಬಟ್ಟೆ. ಕೊನೆಯಲ್ಲಿ ವಿಧವೆ ಯಮುನಕ್ಕ ತಲೆ ಬೋಳಿಸಿಕೊಂಡು ಮರದ ಕೆಳಗೆ ಕೂತಿರುತ್ತಾಳೆ. ಹುಡುಗ ನೋಡುತ್ತಾನೆ. ಅಲ್ಲಿ ಯಾರೂ ಏನೂ ಹೇಳುವುದಿಲ್ಲ. ನಿಮ್ಮ ಗೋಡೆಯ ಈಚೆ ಕೂತಿದ್ದರೆ ನಿಮಗೆ ಆ ದೃಶ್ಯ ಬಂದದ್ದೇ ಗೊತ್ತಾಗುತ್ತಿರಲಿಲ್ಲ. ನಾನು ಅವತ್ತು ಸೈಕಲ್ ಹತ್ತದೆ ತಳ್ಳಿಕೊಂಡೇ ಮನೆಗೆ ಹೋದೆ.

ಎರಡನೆಯದು ನಿಮ್ಮ ನಾಲ್ಕನೆಯದು, ‘ಭೂತಯ್ಯನ ಮಗ ಅಯ್ಯು’, 1974. ಗೊರೂರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ. ಲೋಕನಾಥ್ ಉಪ್ಪಿನಕಾಯಿ ತಿನ್ನುವ ದೃಶ್ಯ ಇದೆಯಲ್ಲ, ಅದನ್ನು ನೋಡಿ ಬಾಯಲ್ಲಿ ನೀರು ಬಾರದವರು ಯಾರು? ಅವರಿಗೆ ‘ಉಪ್ಪಿನಕಾಯಿ ಲೋಕನಾಥ್’ ಎಂದೇ ಹೆಸರು ಬಿತ್ತು. ಅದೇ ಸಿನಿಮಾದಲ್ಲಿ ಭೂತಯ್ಯ ಸತ್ತಾಗ ಹೆಣ ಎತ್ತಲು ಊರಿನ ಒಬ್ಬರೂ ಬರುವುದಿಲ್ಲ. ನಾಲಿಗೆಯ ಚಪಲವನ್ನೂ ಊರಿನ ಸಿಟ್ಟನ್ನೂ ಒಂದೇ ಸಿನಿಮಾದಲ್ಲಿ ಅಷ್ಟು ಸರಿಯಾಗಿ ತೂಗಿದ್ದು ನಾನು ಬೇರೆ ನೋಡಿಲ್ಲ. ಅದರ ಮಾತು ನಮ್ಮ ಕಡೆಯದಲ್ಲ. ಆದರೂ ಆ ಊರು ನನಗೆ ನಮ್ಮ ತಾಲೂಕಿನ ಊರಿನ ಹಾಗೇ ಕಂಡಿತು. ಹಾಗಾಗಿ ಮಾತು ನಮ್ಮದಿದ್ದರೇ ಸಿನಿಮಾ ನಮ್ಮದು ಎಂಬುದನ್ನು ಒಪ್ಪಲು ನನಗೆ ಕಷ್ಟ.

ಉಳಿದ ಮೂರು ದಿನಕ್ಕೊಮ್ಮೆ ಬದಲಾಗುತ್ತವೆ. ಬರೆಯುವುದಿಲ್ಲ.

ಶಿಗ್ಗಾವಿ ಮುಂಜಾನೆ ಬಸ್:

ಅಣ್ಣಾ, ‘ಶರೀಫ’ ಎರಡನೇ ನಂಬರಾ? ನಮ್ಮ ತಾಲೂಕಿನವರು ಯಾರೂ ಒಪ್ಪಲ್ಲ. ಶಿಶುನಾಳ ನಮ್ಮ ಊರಿಂದ ಹತ್ತಿರ. ನನಗೆ ಅದು ಒಂದನೇ ನಂಬರ್, ಎರಡನೇ ನಂಬರೂ ಅದೇ.

ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಅವರ ಗುರು ಗೋವಿಂದ ಭಟ್ಟರಾಗಿ. ನಾನು ಅದನ್ನು ಮೊದಲು ನೋಡಿದ್ದು ಜಾತ್ರೆಯಲ್ಲಿ, ಬಯಲಿನಲ್ಲಿ ಪರದೆ ಕಟ್ಟಿ ತೋರಿಸಿದಾಗ. ಗಾಳಿಗೆ ಪರದೆ ಉಬ್ಬಿ ಗುರುಗಳ ಮುಖ ದೊಡ್ಡದಾಗೋದು, ಸಣ್ಣದಾಗೋದು. ನನ್ನ ಪಕ್ಕ ಒಬ್ಬ ಮುದುಕ ಸಾಹೇಬರು ಕೂತಿದ್ದರು, ಈ ಕಡೆ ನಮ್ಮ ಮಠದ ಪೂಜಾರಿ. ಹಾಡು ಬಂದಾಗಲೆಲ್ಲ ಇಬ್ಬರೂ ಹಾಡುತ್ತಿದ್ದರು. ಯಾರೂ ಸುಮ್ಮನಿರಿ ಅನ್ನಲಿಲ್ಲ.

ಆದರೆ ನನಗೆ ಒಂದು ಸಂಕಟ ಇದೆ. ಇಲ್ಲಿ ಕಿವಿಯ ಮಾತು ಬಂತಲ್ಲ, ಅದಕ್ಕೇ ಹೇಳುತ್ತೇನೆ. ನಮ್ಮ ಅಜ್ಜ ಭಜನಾ ಮೇಳದಲ್ಲಿ ಇದ್ದರು. ಅವರು ‘ಸೋರುತಿಹುದು ಮನೆಯ ಮಾಳಿಗಿ’ ಹಾಡುತ್ತಿದ್ದ ಧಾಟಿ ಬೇರೆ. ಏಕತಾರಿ, ದಮ್ಮಡಿ, ತಾಳ, ಅಷ್ಟೇ. ಒಂದು ಸಾಲು ಹೇಳಿ ನಿಲ್ಲುತ್ತಿದ್ದರು. ಮೇಳ ಅದನ್ನೇ ತಿರುಗಿ ಹೇಳುತ್ತಿತ್ತು. ರಾತ್ರಿ ಎರಡಕ್ಕೆ ಶುರುವಾದ ಹಾಡು ಎಷ್ಟು ಹೊತ್ತಿಗೆ ಮುಗಿಯುತ್ತದೆ ಅನ್ನೋ ಲೆಕ್ಕ ಇರಲಿಲ್ಲ. ಅಶ್ವತ್ಥರ ದನಿ ಬಂದ ಮೇಲೆ ಊರೂರಿಗೆ ಶರೀಫರು ಮುಟ್ಟಿದರು. ಅದು ದೊಡ್ಡ ಕೆಲಸ, ನಾನೂ ಆ ಕ್ಯಾಸೆಟ್ ಸವೆಯೋ ತನಕ ಕೇಳಿದವನು. ಆದರೆ ಈಗ ನಮ್ಮ ಹುಡುಗರು ಭಜನೆಗೆ ಕೂತರೂ ಕ್ಯಾಸೆಟ್ಟಿನ ಧಾಟಿಯನ್ನೇ ಹಿಡಿಯುತ್ತಾರೆ. ಅಜ್ಜನ ಧಾಟಿ ಗೊತ್ತಿರೋರು ನಮ್ಮ ಊರಿನಲ್ಲಿ ಇಬ್ಬರೇ ಉಳಿದಿದ್ದಾರೆ. ಒಬ್ಬರಿಗೆ ಹಲ್ಲಿಲ್ಲ. ಹೋದ ತಿಂಗಳು ಅವರನ್ನು ಕೂರಿಸಿ ಮೊಬೈಲಿನಲ್ಲಿ ಏಳು ಹಾಡು ರೆಕಾರ್ಡ್ ಮಾಡಿಕೊಂಡೆ.

ಇಷ್ಟಾದರೂ ಸಿನಿಮಾ ಒಂದನೇ ನಂಬರೇ. ಆ ಸಿನಿಮಾ ನೋಡದೇ ಹೋಗಿದ್ದರೆ ನಾನು ಅಜ್ಜನ ಹತ್ತಿರ ಹೋಗಿ ‘ನಿಮ್ಮ ಧಾಟಿ ಯಾವುದು’ ಅಂತ ಕೇಳುತ್ತಲೇ ಇರಲಿಲ್ಲ.

ವಿದ್ಯಾನಗರ ಅಕ್ಕ:

ತಮ್ಮಾ, ನಿಮ್ಮ ಅವ್ವ ಪಾತ್ರೆ ಹಿಡಿದು ಕೂತದ್ದು ಓದಿ ನನ್ನ ಕಣ್ಣು ತುಂಬಿ ಬಂತು. ಆದರೆ ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಟಾಕೀಸಿನ ಆಪರೇಟರ್ ಹೆಂಡತಿ ಆ ಸಿನಿಮಾವನ್ನು ಹಿತ್ತಲಿನಲ್ಲೇ ಯಾಕೆ ಕೇಳಬೇಕಾಯಿತು? ಒಳಗೆ ಹೋಗಿ ನೋಡಲಿಲ್ಲವಾ?

ನನ್ನ ಮೊದಲನೆಯದು ‘ಶರಪಂಜರ’. ಪುಟ್ಟಣ್ಣ ಕಣಗಾಲ್, 1971, ತ್ರಿವೇಣಿಯವರ ಕಾದಂಬರಿ. ನನ್ನ ಅಳತೆ ಇಷ್ಟೇ: ಸಿನಿಮಾ ನೋಡಿದ ಮೇಲೆ ಮನೆಯಲ್ಲಿ ಯಾರಾದರೂ ಮೊದಲಿಗಿಂತ ಬೇರೆ ರೀತಿ ನಡೆದುಕೊಂಡರಾ?

ನನ್ನ ಚಿಕ್ಕಮ್ಮನಿಗೆ ಬಾಣಂತನದ ನಂತರ ಮನಸ್ಸಿನ ಕಾಯಿಲೆ ಬಂತು. ಆಸ್ಪತ್ರೆಯಲ್ಲಿ ಇದ್ದು ಗುಣವಾಗಿ ಬಂದರು. ಆದರೆ ಮನೆಯಲ್ಲಿ ಎಲ್ಲರೂ ಅವರನ್ನು ಗಾಜಿನ ಪಾತ್ರೆ ನೋಡಿದಂತೆ ನೋಡುತ್ತಿದ್ದರು. ಈಳಿಗೆ ಮುಚ್ಚಿಡೋದು, ಕೂಸನ್ನು ಅವರೊಬ್ಬರ ಕೈಗೇ ಬಿಡದಿರೋದು, ಅವರು ಸ್ವಲ್ಪ ಜೋರಾಗಿ ನಕ್ಕರೆ ಒಬ್ಬರ ಮುಖ ಒಬ್ಬರು ನೋಡೋದು. ನಾನು ಆಗ ಹತ್ತನೇ ಕ್ಲಾಸ್. ಒಂದು ರವಿವಾರ ಸಂಜೆ ಟಿವಿಯಲ್ಲಿ ‘ಶರಪಂಜರ’ ಬಂತು. ಯಾರಿಗೂ ಅದರ ಕಥೆ ನೆನಪಿರಲಿಲ್ಲ, ಹಾಡು ಚೆನ್ನಾಗಿದೆ ಅಂತ ಹಚ್ಚಿದರು. ಅರ್ಧಕ್ಕೆ ಬಂದಾಗ ಎಲ್ಲರಿಗೂ ಗಾಬರಿ. ಕಲ್ಪನಾ ಮಾಡಿದ ಕಾವೇರಿಯೂ ಗುಣವಾಗಿ ಮನೆಗೆ ಬರುತ್ತಾಳೆ. ಅವಳನ್ನು ಯಾರೂ ಗುಣವಾದವಳು ಅಂತ ನಂಬಲ್ಲ. ಮಾಮಾ ಎದ್ದು ಟಿವಿ ಬಂದ್ ಮಾಡಲು ಹೋದರು. ಚಿಕ್ಕಮ್ಮ ಬೇಡ ಅಂದರು. ಪೂರ್ತಿ ನೋಡಿದರು. ಕೊನೆಗೆ ಇಷ್ಟೇ ಹೇಳಿದರು: “ಅಕಿ ಹುಚ್ಚಿ ಅಲ್ರಿ. ಮಂದಿ ಅಕಿನ್ನ ಆರಾಮ ಆಗಾಕ ಬಿಡವಲ್ರು.”

ಮರುದಿನ ಮುಂಜಾನೆ ಅಜ್ಜಿ ಈಳಿಗೆ ತಂದು ಚಿಕ್ಕಮ್ಮನ ಮುಂದೆ ಇಟ್ಟು, ಬದನೆಕಾಯಿ ಹೆಚ್ಚಿಕೊಡು ಅಂದರು. ನಮ್ಮ ಮನೆಗೆ ಆ ಸಿನಿಮಾ ಮಾಡಿದ ಕೆಲಸ ಅದು.

ಕಲ್ಪನಾ 1979ರಲ್ಲಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ನಮ್ಮ ಕಡೆಯ ನಾಟಕ ಕಂಪನಿಯಲ್ಲಿ ಪಾತ್ರ ಮಾಡುತ್ತಿದ್ದರು. ಅವರನ್ನು ಸ್ಟೇಜಿನ ಮೇಲೆ ನೋಡಿದ್ದೆ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಅಷ್ಟು ದೂರದಿಂದಲೂ ಕಣ್ಣು ಕಾಣುತ್ತಿತ್ತಂತೆ.

ಎಲ್ಲರ ಪಟ್ಟಿ ನೋಡಿ. ಹೆಂಗಸಿನ ಕಥೆ ಎಷ್ಟಿವೆ ಅಂತ ಎಣಿಸಿ.

ಉಣಕಲ್ ಕೆರೆ ದಂಡಿ:

ಅಣ್ಣಾ, ನನಗೆ 23. ಹಳೇ ಸಿನಿಮಾ ಅಷ್ಟು ನೋಡಿಲ್ಲ. ಆದರೆ ನಗಿಸೋಕೆ ಮಾತ್ರ ನಮ್ಮ ಮಾತು ಅಂದಿರಲ್ಲ, ಅದು ನೂರಕ್ಕೆ ನೂರು ನಿಜ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ರೂಮಿನ ಹುಡುಗರು ನಾನು ಬಾಯಿ ತೆರೆದರೆ ಸಾಕು ನಗುತ್ತಿದ್ದರು. ಕೆಟ್ಟ ಮನಸ್ಸಿನಿಂದ ಅಲ್ಲ. ಸಿನಿಮಾ ನೋಡಿ ನೋಡಿ ಅವರಿಗೆ ಹಾಗೆ ರೂಢಿ ಆಗಿತ್ತು. ನಾನು ಒಂದು ವರ್ಷ ಮಾತು ಬದಲಾಯಿಸಿಕೊಂಡು ಬಿಟ್ಟಿದ್ದೆ.

ನನ್ನ ನಂಬರ್ ಒಂದು ‘ರತ್ನನ್ ಪ್ರಪಂಚ’, 2021. ಅದರಲ್ಲಿ ಕಥೆ ಗದಗಿಗೆ ಬರುತ್ತದೆ. ಪ್ರಮೋದ್ ಮಾಡಿದ ಉಡಾಳ ಬಾಬು ಮೊದಲು ನಗಿಸುತ್ತಾನೆ. ಆಮೇಲೆ ಅದೇ ಮಾತಿನಲ್ಲಿ ಅಳಿಸುತ್ತಾನೆ. ರೂಮಿನಲ್ಲಿ ಎಲ್ಲರೂ ಒಟ್ಟಿಗೆ ಲ್ಯಾಪ್‌ಟಾಪಿನಲ್ಲಿ ನೋಡಿದೆವು. ಬಾಬು ಬಂದ ಕೂಡಲೇ ಹುಡುಗರು ನನ್ನ ಕಡೆ ನೋಡಿ ನಕ್ಕರು. ಕೊನೆಯ ಹೊತ್ತಿಗೆ ಯಾರೂ ಯಾರ ಕಡೆಗೂ ನೋಡಲಿಲ್ಲ. ಅವತ್ತು ರಾತ್ರಿ ಅವ್ವನಿಗೆ ಫೋನ್ ಮಾಡಿ ಎಲ್ಲರ ಮುಂದೆ ನಮ್ಮ ಮಾತಿನಲ್ಲೇ ಮಾತಾಡಿದೆ.

ಎರಡು ‘ರಾಮಾ ರಾಮಾ ರೇ’, 2016. ಜೈಲಿನಿಂದ ಓಡಿ ಬಂದ ಕೈದಿ ಹತ್ತೋ ಜೀಪು ಗಲ್ಲಿಗೇರಿಸೋ ಮನುಷ್ಯನದು. ಇದಕ್ಕಿಂತ ಒಳ್ಳೆ ಕಥೆ ಒಂದು ಸಾಲಿನಲ್ಲಿ ಹೇಳಿ ನೋಡೋಣ.

ರಾಣೇಬೆನ್ನೂರು ಎರಿಹೊಲ:

‘ಬಂಗಾರದ ಮನುಷ್ಯ’ ಐದಕ್ಕೆ ಇಟ್ಟಿದ್ದು ತಪ್ಪು. ನಿಮ್ಮ ಗೆಳೆಯನ ಪರ ನಾನಿದ್ದೇನೆ. ನಾನು ಒಂದು ಪದವಿ ಮುಗಿಸಿ ಊರಿಗೆ ಬಂದು ಹೊಲ ಹಿಡಿದವನು. ಕೃಷಿ ಹೊಂಡ ತೋಡುವಾಗ ಆರಡಿಗೆ ಕಲ್ಲು ಹತ್ತಿತು. ಜೆಸಿಬಿಯವನು ವಾಪಸ್ ಹೋದ. ನಾವು ಅಣ್ಣತಮ್ಮಂದಿರು ಮೂವರು ಹಾರೆ ಹಿಡಿದು ಹನ್ನೊಂದು ದಿನ ಒಡೆದೆವು. ಟ್ರ್ಯಾಕ್ಟರಿನಲ್ಲಿ ದಿನಾ ‘ಆಗದು ಎಂದು ಕೈಲಾಗದು ಎಂದು’ ಹಾಡು ಹಚ್ಚಿರುತ್ತಿದ್ದೆವು. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿದ ಸಿನಿಮಾ. ನಮ್ಮ ಹೊಲದಲ್ಲಿ ಇನ್ನೂ ಓಡುತ್ತಿದೆ. ಕಿವಿಯ ಅಳತೆಯಲ್ಲೇ ಹಿಡಿದರೂ ಆ ಹಾಡಿಗೆ ಮೇಲಿನ ನಂಬರ್ ಸಿಗಬೇಕು.

ಬೆಟಗೇರಿ ಸೆಕೆಂಡ್ ಶೋ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಮೂರು ದಿನ ಉತ್ತರ ಬರೆಯಲಿಲ್ಲ, ಕಾರಣ ಅಕ್ಕಾರ ಪ್ರಶ್ನೆ. ಅವ್ವ ಒಳಗೆ ಹೋಗಿ ಯಾಕೆ ನೋಡಲಿಲ್ಲ ಅಂತ ನಾನು ಇಷ್ಟು ವರ್ಷ ಕೇಳಿಯೇ ಇರಲಿಲ್ಲ.

ಕೇಳಿದೆ. “ಆಪರೇಟರ್ ಹೇಣ್ತಿ ದಿನಾ ಪುಕಟ ಬಂದು ಕುಂದರತಾಳ ಅಂತಿದ್ರು. ನಿಮ್ಮಪ್ಪಗ ಯಾಕ ಮಾತು ತರೂದು?” ಅಂದಳು. ಅಪ್ಪನಿಗೆ ರಾತ್ರಿ ಊಟದ ಡಬ್ಬಿ ಒಯ್ಯಲು ಮೆಟ್ಟಿಲ ತನಕ ಹೋಗುತ್ತಿದ್ದಳು, ಕೊಟ್ಟು ಬರುತ್ತಿದ್ದಳು. ಅಷ್ಟೇ.

ನಿನ್ನೆ ರಾತ್ರಿ ಊಟ ಆದ ಮೇಲೆ ಟಿವಿಗೆ ಫೋನ್ ಜೋಡಿಸಿ ‘ನಾಗಮಂಡಲ’ ಹಚ್ಚಿದೆ. ಅವ್ವನಿಗೆ ಈಗ 70. ಚಾಪೆ ಬೇಡ ಅಂತ ಖುರ್ಚಿಯಲ್ಲೇ ಕೂತಳು. ನಾಯಕಿ ರಾಣಿ ಮೊದಲ ಸಲ ಪರದೆ ಮೇಲೆ ಬಂದಾಗ ಮುಂದಕ್ಕೆ ಬಗ್ಗಿ ನೋಡಿದಳು. “ಇಷ್ಟ ಸಣ್ಣಾಕೀನ ಇಕಿ? ದನಿ ಕೇಳಿ ದೊಡ್ಡ ಹೆಂಗಸು ಅಂದಕೊಂಡಿದ್ದೆ. ಕೂಸು ಐತಲ್ಲೋ ಇದು” ಅಂದಳು. ಗಂಡ ಹೊರಗಿನಿಂದ ಕೀಲಿ ಹಾಕಿಕೊಂಡು ಹೋದಾಗ ಏನೂ ಅನ್ನಲಿಲ್ಲ. ಸೆರಗು ತಗೊಂಡು ಮೂಗು ಒರೆಸಿಕೊಂಡಳು.

ಇದು ನನಗೆ ತಲೆಗೆ ಬಡಿದ ಹಾಗಾಯಿತು. ಇಷ್ಟು ವರ್ಷ ನಾವಿಬ್ಬರೂ ಆ ದನಿಯನ್ನು ನಂಬಿದ್ದೆವು. ದನಿ ಸುಳ್ಳು ಹೇಳಿರಲಿಲ್ಲ. ಆದರೆ ಆ ಹುಡುಗಿ ಎಷ್ಟು ಎಳೆಯವಳು ಅನ್ನೋದು ಗೋಡೆ ದಾಟಿ ಬಂದಿರಲಿಲ್ಲ. ಮೇಷ್ಟ್ರೇ, ನಿಮ್ಮ ಮಾತು ಅರ್ಧ ಒಪ್ಪಿದೆ.

ಇನ್ನರ್ಧ ಯಾಕೆ ಒಪ್ಪಲ್ಲ ಅಂದರೆ, ನಡುವೆ ಒಂದು ಕಡೆ ಅವ್ವ ಇದ್ದಕ್ಕಿದ್ದ ಹಾಗೆ ಕೈ ಎತ್ತಿ “ತಡಿ” ಅಂದಳು. ನಾನು ನಿಲ್ಲಿಸಬೇಕಾ ಅಂತ ಕೇಳಿದೆ. “ಬ್ಯಾಡ. ಇಲ್ಲೆ ಟಪ್ ಅಂತಿತ್ತು. ನಿಮ್ಮಪ್ಪ ಮಷೀನ್ ಬದಲಿ ಮಾಡತಿದ್ದ” ಅಂದಳು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆಗ ಎರಡು ಪ್ರೊಜೆಕ್ಟರ್ ಇರುತ್ತಿದ್ದವು. ಒಂದರಲ್ಲಿ ರೀಲು ಮುಗಿಯೋ ಹೊತ್ತಿಗೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಸಣ್ಣ ಚುಕ್ಕೆ ಬಂದು ಹೋಗುತ್ತದೆ. ಆಪರೇಟರ್ ಅದನ್ನು ನೋಡಿ ಎರಡನೇ ಮಷೀನ್ ಚಾಲೂ ಮಾಡಬೇಕು. ಮತ್ತೊಂದು ಚುಕ್ಕೆ ಬಂದ ಕೂಡಲೇ ಇದನ್ನು ಮುಚ್ಚಿ ಅದನ್ನು ತೆರೆಯಬೇಕು. ನೋಡೋರಿಗೆ ಗೊತ್ತೇ ಆಗಬಾರದು. ಆದರೆ ದನಿ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಮ್ಮ ಟಾಕೀಸಿನ ಸ್ಪೀಕರಿನಲ್ಲಿ ಟಪ್ ಅಂತ ಒಂದು ಸಪ್ಪಳ ಬರುತ್ತಿತ್ತು. ಅವ್ವ ಹಿತ್ತಲಿನಲ್ಲಿ ಕೂತು ಅದನ್ನು ಕಾಯುತ್ತಿದ್ದಳಂತೆ. ಟಪ್ ಅಂತ ಬಂದು ಮಾತು ಮುಂದುವರಿದರೆ ಅಪ್ಪ ಎಚ್ಚರ ಇದ್ದಾರೆ, ಎಲ್ಲ ಸರಿ ಇದೆ ಅಂತ. ಅಪ್ಪ ತೀರಿಕೊಂಡು ಒಂಬತ್ತು ವರ್ಷ ಆಯಿತು. ಫೋನಿನಿಂದ ಬಂದ ಸಿನಿಮಾದಲ್ಲಿ ಆ ಸಪ್ಪಳ ಬರಲಿಲ್ಲ. ಅವ್ವ ಕೈ ಕೆಳಗಿಳಿಸಿ ಮತ್ತೆ ನೋಡತೊಡಗಿದಳು.

ಹೊಸ ಪಟ್ಟಿ: ‘ನಾಗಮಂಡಲ’ ಒಂದರಲ್ಲೇ ಇದೆ, ಅದನ್ನು ನಾನು ಯಾವತ್ತೂ ಇಳಿಸಲ್ಲ. ಎರಡು ‘ಶರೀಫ’. ಮೂರಕ್ಕೆ ‘ಶರಪಂಜರ’ ಬಂತು. ಅಕ್ಕಾರೇ, ನಿಮ್ಮ ಅಜ್ಜಿಯ ಬದನೆಕಾಯಿ ಓದಿದ ಮೇಲೆ ಬೇರೆ ದಾರಿ ಇರಲಿಲ್ಲ. ನಾಲ್ಕು ಗವಾಯಿಗಳ ಸಿನಿಮಾ. ಐದಕ್ಕೆ ‘ಅಯ್ಯು’ ಮತ್ತು ‘ಬಂಗಾರದ ಮನುಷ್ಯ’ ಎರಡನ್ನೂ ಇಟ್ಟಿದ್ದೇನೆ. ಎರಡೂ ಸಿದ್ದಲಿಂಗಯ್ಯನವರದೇ, ಜಗಳ ಆಗಲ್ಲ. ‘ಘಟಶ್ರಾದ್ಧ’ ನಾನು ನೋಡಿಲ್ಲ ಮೇಷ್ಟ್ರೇ. ನೋಡಿ ಬರೆಯುತ್ತೇನೆ, ದನಿ ಸಣ್ಣಗೆ ಇಟ್ಟೇ ನೋಡುತ್ತೇನೆ.

ಶಿಗ್ಗಾವಿ ಅಣ್ಣಾ, ಆ ಏಳು ಹಾಡಿನ ರೆಕಾರ್ಡಿಂಗ್ ಇದೆಯಲ್ಲ, ಅದರಲ್ಲಿ ‘ಸೋರುತಿಹುದು’ ಇದ್ದರೆ ಕಳಿಸ್ತೀರಾ? ಅವ್ವನಿಗೆ ಕೇಳಿಸಬೇಕು. ಅವಳ ತವರು ಸವಣೂರು. ಸಣ್ಣಾಕಿ ಇದ್ದಾಗ ಆ ಧಾಟಿ ಕೇಳಿದ ನೆನಪಿದೆ ಅಂತ ಹೇಳುತ್ತಿದ್ದಾಳೆ.